ಹಳೇ ಕ್ವಾರಿ ಪಾರ್ಕ್ ಆಗಬೇಕಾ? ಮೊದಲು ಮಣ್ಣು ಮಾಡಿ

ಊರಾಚೆ ಪಾಳುಬಿದ್ದ ಕಲ್ಲು ಕ್ವಾರಿಯನ್ನು ಪಾರ್ಕ್ ಮಾಡಲು ಹೊರಟವರು ಮೊದಲು ಕರೆಸುವುದು ಜೆಸಿಬಿಯನ್ನು. ನಾನು ನೋಡಿದ ಒಂದು ಕಡೆ ಎರಡೇ ವಾರದಲ್ಲಿ ನೆಲ ಮಟ್ಟ ಆಯಿತು, ಲೋಡುಗಟ್ಟಲೆ ಕೆಂಪು ಮಣ್ಣು ಬಿತ್ತು, ಲಾನ್ ಬಂತು, ಸಿಮೆಂಟಿನ ಜಿಂಕೆಯೂ ನಿಂತಿತು. ಮೊದಲ ಜೋರು ಮಳೆಗೆ ಮಣ್ಣೆಲ್ಲ ಗುಂಡಿ ಸೇರಿತು. ಜಿಂಕೆ ಈಗಲೂ ಇದೆ.

ಹಾಗಾಗಿ ಮೊದಲ ಹೆಜ್ಜೆ, ಒಂದು ಮಳೆಗಾಲ ಸುಮ್ನೆ ನೋಡಿ. ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಗಿಡ ತಾನೇ ಹುಟ್ಟಿದೆ ಎಂದು ಬರೆದಿಡಿ. ಕಡಿದಾದ ಬಂಡೆಗೋಡೆಯನ್ನು ಮುಟ್ಟಬೇಡಿ. ಕೊಂಬಿನ ಗೂಬೆ ಗೂಡು ಕಟ್ಟದೆ ಅಂಥ ಅಂಚಿನಲ್ಲೇ ಮೊಟ್ಟೆ ಇಡುತ್ತದೆ.

ಎರಡನೆಯದು ಮಣ್ಣು ಮಾಡುವುದು. ಹೂಳುವುದಲ್ಲ, ನಿಜವಾಗಿಯೂ ಮಣ್ಣು ತಯಾರಿಸುವುದು. ಎಲ್ಲರೂ ಎಡವುವುದು ಇಲ್ಲೇ.

ಕೀನ್ಯಾದ ಮೊಂಬಾಸಾ ಹತ್ತಿರ ಬಾಂಬುರಿ ಸಿಮೆಂಟ್ ಕಾರ್ಖಾನೆಯ ಸುಣ್ಣಕಲ್ಲು ಕ್ವಾರಿ ಇತ್ತು. 1971ರಲ್ಲಿ ಕೃಷಿತಜ್ಞ ರೆನೆ ಹಾಲರ್ ಅಲ್ಲಿ ಗಿಡ ನೆಡಲು ಶುರುಮಾಡಿದರು. 26 ಜಾತಿ ನೆಟ್ಟರೆ ಉಳಿದದ್ದು ಮೂರೇ. ಅದರಲ್ಲಿ ಚೆನ್ನಾಗಿ ಬಂದದ್ದು ನಮ್ಮ ಸರ್ವೆ ಮರ. ಆದರೆ ಉದುರಿದ ಎಲೆ ಕೊಳೆಯಲೇ ಇಲ್ಲ, ಒಗರು ಅಷ್ಟು ಜಾಸ್ತಿ. ಕೊನೆಗೆ ಸಾವಿರ ಕಾಲಿನ ಹುಳ ತಂದು ಬಿಟ್ಟರು. ಹುಳ ಎಲೆ ತಿಂದು ಹಿಕ್ಕೆ ಹಾಕಿತು, ಅದೇ ಮಣ್ಣಾಯಿತು. ಆ ಜಾಗ ಇವತ್ತು ಹಾಲರ್ ಪಾರ್ಕ್.

ನಮ್ಮಲ್ಲಿ ಹೀಗೆ ಮಾಡಿ. ಇಳಿಜಾರಿಗೆ ಅಡ್ಡವಾಗಿ ಅಲ್ಲೇ ಸಿಗುವ ಕಲ್ಲುಚೂರಿನಿಂದ ಮೊಣಕಾಲೆತ್ತರದ ಸಾಲು ಕಟ್ಟಿ. ಗಾರೆ ಬೇಡ, ನೀರು ಸೋಸಿ ಹೋಗಲಿ. ಸಾಲಿನ ಹಿಂದೆ ಒಣ ಎಲೆ ತುಂಬಿ, ಮೇಲೆ ಸಗಣಿ ನೀರು ಚಿಮುಕಿಸಿ. ರಸ್ತೆ ಬದಿ ಗುಡಿಸಿ ಸುಡುವ ಎಲೆಯನ್ನೇ ಕೇಳಿ ತನ್ನಿ, ಪ್ಲಾಸ್ಟಿಕ್ ಆರಿಸಿ ಹಾಕಿ. ಹತ್ತಿರದ ಹಳೇ ಹೊಂಗೆ ಮರದ ಬುಡದಿಂದ ನಾಲ್ಕು ಬುಟ್ಟಿ ಮಣ್ಣು ತಂದು ಎರಚಿ, ಹೆಪ್ಪು ಹಾಕಿದ ಹಾಗೆ. ಮಳೆ ಹಿಡಿದ ಮೇಲೆ ಹುರುಳಿ ಚೆಲ್ಲಿ. ಹೂ ಬಂದಾಗ ಕಿತ್ತು ಅಲ್ಲೇ ಮಲಗಿಸಿ. ಹೀಗೆ ಎರಡು ವರ್ಷ. ಎಲೆ ಸರಿಸಿದರೆ ಬಿಳಿ ಬೂಷ್ಟಿನ ಎಳೆ, ಎರೆಹುಳದ ಹಿಕ್ಕೆ ಕಾಣಬೇಕು. ಕಾಣದಿದ್ದರೆ ಇನ್ನೊಂದು ವರ್ಷ ಕಾಯಿರಿ.

ಲೋಡ್ ಮಣ್ಣು ತರಿಸಿದರೆ ಬೇಗ ಆಗುತ್ತಲ್ವಾ ಅಂತ ಕೇಳುತ್ತಾರೆ. ಆಗುತ್ತದೆ, ಕಾಂಗ್ರೆಸ್ ಗಿಡವೂ ಬಿಟ್ಟಿಯಾಗಿ ಬರುತ್ತದೆ. ನರ್ಸರಿಯವರು ‘ಬೇಗ ಹಸಿರಾಗುತ್ತೆ’ ಎಂದು ಕೊನೊಕಾರ್ಪಸ್ ಎಂಬ ವಿದೇಶಿ ಮರದ ಸಸಿ ಕೊಟ್ಟರೆ ವಾಪಸ್ ಕಳಿಸಿ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ.

ಮೂರನೆಯದು ಗಿಡ. ಎಲೆ ಮಣ್ಣಾದ ಕಡೆ ಹೊಂಗೆ, ಕಕ್ಕೆ, ನೇರಳೆ. ಬಂಡೆಯ ಬಿರುಕಿಗೆ ಬಸರಿ, ಗೋಣಿ, ಅತ್ತಿ. ಇವುಗಳ ಬೇರು ಕಲ್ಲಿಗೂ ಜಗ್ಗುವುದಿಲ್ಲ. ಮೊಣಕೈ ಉದ್ದದ ಸಸಿ ಸಾಕು. ಆಳೆತ್ತರದ್ದು ಫೋಟೋಗೆ ಚೆಂದ, ಬೇಸಿಗೆಗೆ ಒಣಗುತ್ತದೆ.

ನೀರಿನ ಗುಂಡಿ ಮುಚ್ಚಬೇಡಿ. ಆಳದ ಕಡೆಗೆ ಗಟ್ಟಿ ಬೇಲಿ ಹಾಕಿ, ಇದರಲ್ಲಿ ರಾಜಿಯೇ ಇಲ್ಲ. ಒಂದು ಬದಿಗೆ ಮಾತ್ರ ಕಲ್ಲುಚೂರು ಸುರಿದು ನಿಧಾನ ಇಳಿಜಾರು ಮಾಡಿ, ಕಪ್ಪೆಯೂ ಕೊಕ್ಕರೆಯೂ ಇಳಿಯಲಿ. ಯಾರೋ ತಿಲಾಪಿಯಾ ಮೀನು ಬಿಡಲು ಬಂದರೆ ತಡೆಯಿರಿ.

ಕ್ವಾರಿ ಬದಲು ಹಳೇ ಕಾರ್ಖಾನೆಯ ಜಾಗವಾದರೆ ಇದೆಲ್ಲಕ್ಕಿಂತ ಮೊದಲು ಮಣ್ಣನ್ನು ಲ್ಯಾಬಿಗೆ ಕೊಡಿ. ಸೀಸ, ಎಣ್ಣೆ ಇಳಿದ ನೆಲದಲ್ಲಿ ಮಕ್ಕಳನ್ನು ಆಡಲು ಬಿಡುವ ಹಾಗಿಲ್ಲ.

ಕಾಲುದಾರಿ ಒಂದೇ ಬದಿಗೆ ಇರಲಿ, ಇನ್ನೊಂದು ಬದಿ ಹಕ್ಕಿಗೆ. ಗೇಟಿನಿಂದ ಒಳಗೆ ದೀಪ ಬೇಡ. ಸಂಜೆ ಆರೂವರೆಗೆ ಬೀಗ ಹಾಕಿ.