ಬಾಜಿ ಕಟ್ಟದೆಯೇ ಆಡ್ಸ್ ಓದುವ ಬಗೆ: ಫುಟ್‌ಬಾಲ್ ನೋಡುವವರಿಗೊಂದು ಕೈಪಿಡಿ

ಯುರೋಪಿನ ಲೀಗ್ ಪಂದ್ಯವನ್ನಾಗಲಿ ವಿಶ್ವಕಪ್ ಪಂದ್ಯವನ್ನಾಗಲಿ ನೋಡಲು ಕುಳಿತವರಿಗೆ ತಂಡಗಳ ಹೆಸರಿನ ಪಕ್ಕದಲ್ಲಿ 2.00, 3.50, 4.00 ಎಂಬಂತಹ ಮೂರು ಅಂಕಿಗಳು ಒಂದಲ್ಲ ಒಂದು ಕಡೆ ಕಣ್ಣಿಗೆ ಬಿದ್ದೇ ಬೀಳುತ್ತವೆ. ಇವನ್ನು ಆಡ್ಸ್, ಅಂದರೆ ಬಾಜಿಯ ದರ, ಎನ್ನುತ್ತಾರೆ. ಹೆಚ್ಚಿನವರು ಇವನ್ನು ಬಲ್ಲವರ ಭವಿಷ್ಯವೆಂದೇ ನಂಬುತ್ತಾರೆ. ಆದರೆ ಇವು ಅಂಗಡಿಯವನು ಸರಕಿಗೆ ಅಂಟಿಸಿದ ಬೆಲೆಚೀಟಿಗಳು, ಅವನ ಲಾಭವೂ ಅದರಲ್ಲೇ ಸೇರಿರುತ್ತದೆ. ಆ ಲಾಭವನ್ನು ಕಳೆದು, ಉಳಿದದ್ದನ್ನು ಸಂಭವನೀಯತೆಯಾಗಿ ಓದಿ, ಅದರ ಎದುರು ನಮ್ಮದೇ ಅಂದಾಜನ್ನು ಇಟ್ಟು ತೂಗುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಹಣ ಕಟ್ಟುವ ಬಗೆಯನ್ನು ಮಾತ್ರ ವಿವರಿಸಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣವನ್ನು ಪಣವಾಗಿಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿದ್ದು, ಅವನ್ನು ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಒಂದು ಕೋಟಿ ರೂಪಾಯಿವರೆಗೆ ದಂಡ, ಜಾಹೀರಾತು ನೀಡುವವರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು 50 ಲಕ್ಷ ರೂಪಾಯಿವರೆಗೆ ದಂಡ ಎಂದು ಗೊತ್ತುಮಾಡಿದೆ. ಕಳ್ಳದಾರಿಯಲ್ಲಿ ವಿದೇಶಿ ತಾಣಕ್ಕೆ ಹಣ ಹಾಕಿದವರು, ಗೆದ್ದರೂ ಹಣ ಕೈಗೆ ಬಾರದಿದ್ದಾಗ, ಯಾರಲ್ಲಿ ದೂರು ಕೊಡುವುದೆಂದು ತಿಳಿಯದೆ ಕುಳಿತುಕೊಳ್ಳಬೇಕಾಗುತ್ತದೆ. ಬಾಜಿಗೆ ಕಾನೂನಿನ ಅನುಮತಿಯಿರುವ ಬ್ರಿಟನ್ನಿನಂತಹ ದೇಶದಲ್ಲಿ ನೆಲೆಸಿರುವ ಕನ್ನಡಿಗರಿಗೂ ಮುಂದಿನ ಲೆಕ್ಕ ಅಷ್ಟೇ ಅನ್ವಯಿಸುತ್ತದೆ, ಏಕೆಂದರೆ ಕಾನೂನು ಬದಲಾದ ಮಾತ್ರಕ್ಕೆ ಗಣಿತ ಬದಲಾಗುವುದಿಲ್ಲ.

ಮೊದಲು ಅಂಕಿಯ ರೂಪವನ್ನು ಗುರುತಿಸಬೇಕು. ಯುರೋಪಿನಲ್ಲಿ ದಶಮಾಂಶ ರೂಪ ಬಳಕೆಯಲ್ಲಿದೆ, 3.50 ಎಂದರೆ ನೂರು ಕಟ್ಟಿ ಗೆದ್ದವನಿಗೆ ಅವನ ನೂರೂ ಸೇರಿ ಮುನ್ನೂರೈವತ್ತು ಮರಳುತ್ತದೆ ಎಂದರ್ಥ. ಬ್ರಿಟನ್ನಿನ ಹಳೆಯ ಪದ್ಧತಿಯಲ್ಲಿ ಇದನ್ನೇ 5/2 ಎಂದು, ಅಮೆರಿಕದಲ್ಲಿ +250 ಎಂದು ಬರೆಯುತ್ತಾರೆ; ಎರಡರಲ್ಲೂ ಮೂಲ ಹಣವನ್ನು ಬಿಟ್ಟು ಲಾಭವನ್ನಷ್ಟೇ ಹೇಳುತ್ತಾರೆ. ಯಾವ ರೂಪವೇ ಇರಲಿ, ದಶಮಾಂಶಕ್ಕೆ ತಂದುಕೊಂಡು 100ನ್ನು ಅದರಿಂದ ಭಾಗಿಸಿದರೆ ಶೇಕಡಾವಾರು ಸಂಭವನೀಯತೆ ಸಿಗುತ್ತದೆ.

ಮೇಲಿನ ಮೂರು ಅಂಕಿಗಳನ್ನೇ ತೆಗೆದುಕೊಳ್ಳೋಣ. ಆತಿಥೇಯರ ಗೆಲುವಿಗೆ 2.00, ಡ್ರಾಗೆ 3.50, ಎದುರಾಳಿಯ ಗೆಲುವಿಗೆ 4.00 ಇದ್ದರೆ ಸಂಭವನೀಯತೆಗಳು ಕ್ರಮವಾಗಿ ಶೇ 50, ಶೇ 28.57 ಮತ್ತು ಶೇ 25 ಆಗುತ್ತವೆ. ಕೂಡಿದರೆ 103.57. ಪಂದ್ಯಕ್ಕೆ ಈ ಮೂರೇ ಫಲಿತಾಂಶಗಳಿರುವಾಗ ಮೊತ್ತವು ನೂರೇ ಆಗಬೇಕಿತ್ತು. ಹೆಚ್ಚಾಗಿ ಬಂದ ಆ ಮೂರೂವರೆಯೇ ಬುಕಿಯ, ಅಂದರೆ ಬಾಜಿ ಕಟ್ಟಿಸಿಕೊಳ್ಳುವವನ, ಪಾಲು. ಪ್ರತಿ ಅಂಕಿಯನ್ನೂ 103.57ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 48.3, 27.6 ಮತ್ತು 24.1 ಉಳಿಯುತ್ತವೆ. ಮಾರುಕಟ್ಟೆಯು ಪಂದ್ಯದ ಬಗ್ಗೆ ಏನು ಭಾವಿಸಿದೆ ಎಂಬುದಕ್ಕೆ ನಮಗೆ ಸಿಗುವ ಉತ್ತರ ಇದು. ಆತಿಥೇಯರನ್ನು ಎಲ್ಲರೂ ‘ಫೇವರಿಟ್’ ಎಂದು ಕರೆಯುತ್ತಿದ್ದರೂ ಅವರು ಗೆಲ್ಲದೆ ಹೋಗುವ ಸಾಧ್ಯತೆಯೇ ಸ್ವಲ್ಪ ಹೆಚ್ಚು ಎಂಬುದನ್ನು ಗಮನಿಸಬೇಕು.

ಐದು ಪಂದ್ಯಗಳನ್ನು ಒಂದೇ ಚೀಟಿಗೆ ಪೋಣಿಸಿ, ಐದೂ ಸರಿಯಾದರೆ ಮಾತ್ರ ಹಣ ಕೊಡುವ ಸರಣಿ ಬಾಜಿಯ ಆಕರ್ಷಣೆ ಎಂಥದ್ದೆಂಬುದೂ ಇದೇ ಲೆಕ್ಕದಿಂದ ಬಯಲಾಗುತ್ತದೆ. ಒಂದು ಪಂದ್ಯದಲ್ಲಿ ನೂರು ರೂಪಾಯಿಗೆ ಸರಾಸರಿ 96 ರೂಪಾಯಿ 55 ಪೈಸೆ (100ನ್ನು 1.0357ರಿಂದ ಭಾಗಿಸಿದಾಗ ಬರುವುದು) ಮರಳುವ ಕಡೆ, ಐದು ಪಂದ್ಯಗಳನ್ನು ಪೋಣಿಸಿದಾಗ ಬುಕಿಯ ಪಾಲು ಐದು ಸಲ ಗುಣಿತಗೊಂಡು ಮರಳುವ ಮೊತ್ತ ಸುಮಾರು 84ಕ್ಕೆ ಇಳಿಯುತ್ತದೆ. ಬಹುಮಾನದ ಅಂಕಿ ದೊಡ್ಡದಾಗಿ ಕಾಣಿಸುವುದು ನಿಜ, ಕತ್ತರಿಯೂ ಅಷ್ಟೇ ದೊಡ್ಡದು.

ಇನ್ನು ನಮ್ಮದೇ ಅಂದಾಜನ್ನು ಕಟ್ಟುವ ಬಗೆ. ಇದಕ್ಕೆ ಒಂದು ಸ್ಪ್ರೆಡ್‌ಶೀಟ್ ಸಾಕು. ಲೀಗಿನಲ್ಲಿ ಒಂದು ತಂಡವು ಪಂದ್ಯವೊಂದಕ್ಕೆ ಸರಾಸರಿ 1.4 ಗೋಲು ಗಳಿಸುತ್ತದೆ ಎಂದಿಟ್ಟುಕೊಳ್ಳೋಣ. ‘ಅ’ ತಂಡ ಪಂದ್ಯಕ್ಕೆ 1.75 ಗೋಲು ಗಳಿಸುತ್ತ 1.12 ಗೋಲು ಬಿಟ್ಟುಕೊಡುತ್ತಿದ್ದರೆ, ‘ಬ’ ತಂಡ 1.25 ಗಳಿಸಿ 1.2 ಬಿಟ್ಟುಕೊಡುತ್ತಿದ್ದರೆ, ‘ಅ’ ತಂಡದ ಗಳಿಕೆಯನ್ನು ‘ಬ’ ತಂಡ ಬಿಟ್ಟುಕೊಡುವ ಗೋಲಿನಿಂದ ಗುಣಿಸಿ ಲೀಗಿನ ಸರಾಸರಿಯಿಂದ ಭಾಗಿಸಬೇಕು. ಆಗ ಈ ಪಂದ್ಯದಲ್ಲಿ ‘ಅ’ ತಂಡದ ನಿರೀಕ್ಷಿತ ಗೋಲು 1.5 ಎಂದೂ, ಅದೇ ರೀತಿ ‘ಬ’ ತಂಡದ್ದು 1.0 ಎಂದೂ ಬರುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಪ್ವಾಸಾನ್ ಎಂಬ ಹೆಸರಿನ ಫಂಕ್ಷನ್ ಇರುತ್ತದೆ; ಅದಕ್ಕೆ ಈ ಸರಾಸರಿಯನ್ನು ಕೊಟ್ಟರೆ ಸೊನ್ನೆ ಗೋಲು, ಒಂದು ಗೋಲು, ಎರಡು ಗೋಲು ಎಂದು ಒಂದೊಂದಕ್ಕೂ ಸಂಭವನೀಯತೆಯನ್ನು ತಿಳಿಸುತ್ತದೆ. ‘ಅ’ ತಂಡ ಗೋಲೇ ಹೊಡೆಯದಿರುವ ಸಾಧ್ಯತೆ ಶೇ 22.3, ‘ಬ’ ತಂಡ ಹೊಡೆಯದಿರುವ ಸಾಧ್ಯತೆ ಶೇ 36.8, ಎರಡನ್ನೂ ಗುಣಿಸಿದರೆ 0-0 ಫಲಿತಾಂಶಕ್ಕೆ ಶೇ 8.2 ಬರುತ್ತದೆ. 1-1ಕ್ಕೆ ಶೇ 12.3. ಹೀಗೆ ಎಲ್ಲ ಸ್ಕೋರುಗಳ ಪಟ್ಟಿ ಮಾಡಿ ಕೂಡಿಸಿದಾಗ ‘ಅ’ ತಂಡದ ಗೆಲುವಿಗೆ 49, ಡ್ರಾಗೆ 26, ‘ಬ’ ತಂಡದ ಗೆಲುವಿಗೆ 25 ಎಂಬ ಅಂದಾಜು ದೊರೆಯುತ್ತದೆ. ಬುಕಿಯ ಪಾಲನ್ನು ಕಳೆದು ಮೇಲೆ ನಾವು ಪಡೆದ ಅಂಕಿಗಳಿಗೆ ಇದು ಎಷ್ಟು ಹತ್ತಿರದಲ್ಲಿದೆಯೆಂದು ನೋಡಿ. ನಮ್ಮ ಅಂದಾಜು ಮಾರುಕಟ್ಟೆಯಿಂದ ಬಹಳ ದೂರ ಹೋಗಿದ್ದರೆ ‘ಬುಕಿ ತಪ್ಪಿದ’ ಎಂದು ಹಿಗ್ಗುವ ಮೊದಲು, ಗಾಯಾಳುಗಳ ಸುದ್ದಿಯೇನಾದರೂ ನಮ್ಮ ಗಮನಕ್ಕೆ ಬಾರದೆ ಹೋಯಿತೇ ಎಂದು ಹುಡುಕುವುದು ಒಳ್ಳೆಯದು. ಹತ್ತರಲ್ಲಿ ಒಂಬತ್ತು ಸಲ ತಪ್ಪು ನಮ್ಮದೇ ಆಗಿರುತ್ತದೆ.

ತಾರಾ ಆಟಗಾರರ ವಿಷಯದಲ್ಲಿ ಜನರ ಅಂದಾಜು ಅತಿ ಹೆಚ್ಚು ಹಳಿ ತಪ್ಪುತ್ತದೆ. ಎರ್ಲಿಂಗ್ ಹಾಲಂಡ್ 2022-23ರ ಪ್ರೀಮಿಯರ್ ಲೀಗ್‌ನಲ್ಲಿ 36 ಗೋಲು ಹೊಡೆದು ದಾಖಲೆ ಮಾಡಿದರು, ಆದರೆ ಅದೇ ಋತುವಿನ ನಡುವೆ ಕತಾರ್‌ನಲ್ಲಿ ನಡೆದ ವಿಶ್ವಕಪ್‌ಗೆ ಅವರ ನಾರ್ವೆ ಅರ್ಹತೆಯನ್ನೇ ಪಡೆದಿರಲಿಲ್ಲ. ಕರೀಮ್ ಬೆಂಜೆಮಾ 2022ರ ಅಕ್ಟೋಬರ್‌ನಲ್ಲಿ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿಓರ್ ಪ್ರಶಸ್ತಿ ಪಡೆದು, ಮರುತಿಂಗಳು ವಿಶ್ವಕಪ್‌ನ ಹೊಸ್ತಿಲಲ್ಲಿ ಗಾಯಗೊಂಡು ಹೊರಬಿದ್ದರು. ಫ್ರಾನ್ಸ್ ಅವರಿಲ್ಲದೆಯೇ ಫೈನಲ್ ತಲುಪಿತು. ಹಾಗಾದರೆ ಆಟಗಾರನೊಬ್ಬನ ಗೈರುಹಾಜರಿಗೆ ಬೆಲೆಯಿಲ್ಲವೇ? ಇದೆ, ಆದರೆ ಅದು ಅವನ ಹೆಸರಿಗಿಂತ ಅವನ ಜಾಗದಲ್ಲಿ ನಿಲ್ಲುವವನು ಯಾರು ಎಂಬುದನ್ನು ಅವಲಂಬಿಸಿದೆ. 2014ರ ಜುಲೈ 8ರಂದು ಬೆಲೊ ಹೊರಿಜಾಂಟೆಯಲ್ಲಿ ಜರ್ಮನಿಯೆದುರು ಬ್ರೆಜಿಲ್ 1-7ರಿಂದ ಸೋತಾಗ ಎಲ್ಲರೂ ನೇಮರ್ ಇಲ್ಲದ್ದನ್ನು ಹೇಳಿಕೊಂಡು ಮರುಗಿದರು. ಅಂದು ಹಳದಿ ಕಾರ್ಡ್‌ಗಳ ಕಾರಣ ನಾಯಕ ಥಿಯಾಗೊ ಸಿಲ್ವಾ ಕೂಡ ರಕ್ಷಣೆಯಲ್ಲಿರಲಿಲ್ಲ. ಆರೇ ನಿಮಿಷಗಳಲ್ಲಿ ನಾಲ್ಕು ಗೋಲು ಬಿಟ್ಟುಕೊಟ್ಟ ತಂಡಕ್ಕೆ ಕಾಡಿದ್ದು ಯಾರ ಕೊರತೆಯೆಂದು ನನ್ನಲ್ಲಿ ಸಂದೇಹವಿಲ್ಲ.

ಆದ್ದರಿಂದ ಅಂತಿಮ ಹನ್ನೊಂದರ ಪಟ್ಟಿ ಪ್ರಕಟವಾಗುವವರೆಗೆ, ಅಂದರೆ ಪಂದ್ಯಕ್ಕೆ ಸುಮಾರು ಒಂದು ಗಂಟೆ ಮುಂಚಿನವರೆಗೆ, ನಿಮ್ಮ ಅಂಕಿಯನ್ನು ಪೆನ್ಸಿಲ್ಲಿನಲ್ಲೇ ಬರೆದಿಡಿ. ಒಳಗಿನವರಿಗೆ ಈ ಪಟ್ಟಿ ಮೊದಲೇ ತಿಳಿದಿರುತ್ತದೆ. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಆಟಗಾರರು ಜಗತ್ತಿನ ಯಾವುದೇ ಫುಟ್‌ಬಾಲ್ ಪಂದ್ಯದ ಮೇಲೆ ಬಾಜಿ ಕಟ್ಟುವುದನ್ನೂ, ಒಳಗಿನ ಸುದ್ದಿಯನ್ನು ಬಾಜಿಗಾಗಿ ಹೊರಗೆ ದಾಟಿಸುವುದನ್ನೂ ನಿಷೇಧಿಸಿದೆ. 2023ರಲ್ಲಿ ಬ್ರೆಂಟ್‌ಫರ್ಡ್‌ನ ಐವನ್ ಟೋನಿ ಈ ನಿಯಮವನ್ನು 232 ಬಾರಿ ಮುರಿದದ್ದಕ್ಕೆ ಎಂಟು ತಿಂಗಳು ನಿಷೇಧಕ್ಕೊಳಗಾದರು. ಅದೇ ವರ್ಷ ಇಟಲಿಯ ಸಾಂಡ್ರೊ ತೊನಾಲಿಗೆ ಹತ್ತು ತಿಂಗಳ ನಿಷೇಧವಾಯಿತು.

ಲೀಗನ್ನೂ ಟೂರ್ನಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಪ್ರೀಮಿಯರ್ ಲೀಗ್‌ನಲ್ಲಿ 20 ತಂಡಗಳು ತಲಾ 38 ಪಂದ್ಯ ಆಡುತ್ತವೆ, ಜರ್ಮನಿಯ ಬುಂಡೆಸ್‌ಲಿಗಾದಲ್ಲಿ 18 ತಂಡಗಳು ತಲಾ 34 ಪಂದ್ಯ ಆಡುತ್ತವೆ. ಒಂದು ವಾರದ ದುರದೃಷ್ಟವನ್ನು ಮುಂದಿನ ವಾರಗಳು ತೊಳೆದುಹಾಕುತ್ತವೆ. 48 ತಂಡಗಳ ವಿಶ್ವಕಪ್‌ನಲ್ಲಾದರೆ ಕಪ್ ಎತ್ತುವ ತಂಡ ಗುಂಪಿನ ಮೂರು ಪಂದ್ಯಗಳ ನಂತರ 32ರ ಸುತ್ತಿನಿಂದ ಫೈನಲ್‌ವರೆಗೆ ಸತತ ಐದು ನಾಕೌಟ್ ಪಂದ್ಯಗಳನ್ನು ದಾಟಬೇಕು. ಪ್ರತಿಯೊಂದನ್ನೂ ದಾಟುವ ಸಾಧ್ಯತೆ ಶೇ 75ರಷ್ಟಿರುವ ಬಲಾಢ್ಯ ತಂಡಕ್ಕೂ ಐದನ್ನೂ ದಾಟುವ ಸಾಧ್ಯತೆ ಶೇ 24ನ್ನು ಮುಟ್ಟುವುದಿಲ್ಲ. ‘ಈ ಸಲ ಕಪ್ ಅವರದ್ದೇ’ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ಈ ಗುಣಾಕಾರವನ್ನು ನೆನಪಿಸಿಕೊಳ್ಳಿ.

ದೊಡ್ಡ ಆಡ್ಸ್‌ಗಳ ಬಗ್ಗೆ ಒಂದು ಮಾತು. 2015-16ರ ಋತು ಶುರುವಾಗುವಾಗ ಲೆಸ್ಟರ್ ಸಿಟಿ ಪ್ರೀಮಿಯರ್ ಲೀಗ್ ಗೆಲ್ಲುವುದಕ್ಕೆ 5000/1 ಬೆಲೆಯಿತ್ತು. ಕ್ಲಾಡಿಯೊ ರನಿಯೇರಿಯ ತಂಡ ಮೂರೇ ಪಂದ್ಯ ಸೋತು 81 ಅಂಕಗಳೊಂದಿಗೆ ಪ್ರಶಸ್ತಿ ಗೆದ್ದಿತು. ಐದು ಸಾವಿರ ಋತುಗಳಿಗೊಮ್ಮೆ ಎಂದು ಹೇಳಲು ಯಾರ ಬಳಿ ಆಧಾರವಿತ್ತು? ಇಂಗ್ಲೆಂಡಿನಲ್ಲಿ ಲೀಗ್ ಆರಂಭವಾದದ್ದೇ 1888ರಲ್ಲಿ. ಪಟ್ಟಿಯ ಕೊನೆಯ ತುದಿಯಲ್ಲಿರುವ ಇಂತಹ ಅಂಕಿಗಳನ್ನು ಲೆಕ್ಕ ಹಾಕಿ ಬರೆದದ್ದೆಂದು ನಂಬುವ ಅಗತ್ಯವಿಲ್ಲ.

ಅಂದಾಜು ಕಟ್ಟಿದ ಮೇಲೆ ಅದಕ್ಕೆ ಅಂಕ ಕೊಡಬೇಕು. ಇದಕ್ಕಾಗಿ ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಸೂಚಿಸಿದ ವಿಧಾನವೇ ಸಾಕು. ಗೆಲುವಿಗೆ 0.5, ಡ್ರಾಗೆ 0.3, ಸೋಲಿಗೆ 0.2 ಎಂದು ಬರೆದಿದ್ದು ಗೆಲುವೇ ಬಂದರೆ, ನಡೆದದ್ದಕ್ಕೆ 1, ನಡೆಯದ್ದಕ್ಕೆ 0 ಎಂದು ಹಿಡಿದು, ಪ್ರತಿ ಖಾನೆಯ ವ್ಯತ್ಯಾಸದ ವರ್ಗಗಳನ್ನು ಕೂಡಬೇಕು: 0.25, 0.09 ಮತ್ತು 0.04, ಒಟ್ಟು 0.38. ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಏನೂ ತಿಳಿಯದವನು ಮೂರಕ್ಕೂ ಸಮನಾಗಿ ಹಂಚಿದರೆ ಯಾವ ಫಲಿತಾಂಶ ಬಂದರೂ 0.67 ಸಿಗುತ್ತದೆ, ಒಂದು ತಿಂಗಳ ಸರಾಸರಿ ಅದಕ್ಕಿಂತ ಮೇಲೆ ಹೋದರೆ ನಿಮ್ಮ ಫುಟ್‌ಬಾಲ್ ಜ್ಞಾನ ನಿಮಗೆ ಕೆಡುಕನ್ನೇ ಮಾಡುತ್ತಿದೆ ಎಂದರ್ಥ. ಮಾರುಕಟ್ಟೆಯ ಅಂಕಿಗಳಿಗೂ ಇದೇ ರೀತಿ ಅಂಕ ಕೊಟ್ಟು ಪಕ್ಕದ ಕಾಲಮ್ಮಿನಲ್ಲಿ ಬರೆಯುತ್ತ ಹೋದರೆ ಅದನ್ನು ಸೋಲಿಸುವುದು ಎಷ್ಟು ಕಷ್ಟವೆಂಬುದು ಪುಡಿಗಾಸೂ ಕಳೆದುಕೊಳ್ಳದೆ ಮನದಟ್ಟಾಗುತ್ತದೆ.

ನಾಕೌಟ್ ಹಂತಕ್ಕೆ ಎರಡು ಕಾಲಮ್ಮು ಬೇಕು: ಒಂದು ಪಂದ್ಯದ ಫಲಿತಾಂಶಕ್ಕೆ, ಇನ್ನೊಂದು ಕೊನೆಗೆ ಮುಂದೆ ಹೋಗುವ ತಂಡಕ್ಕೆ. ಪಂದ್ಯದ ಫಲಿತಾಂಶ ಎಂಬ ಆಡ್ಸ್ 90 ನಿಮಿಷ ಮತ್ತು ಅದಕ್ಕೆ ಸೇರಿದ ಇಂಜುರಿ ಟೈಮ್‌ಗೆ ಮಾತ್ರ ಸಂಬಂಧಿಸಿದ್ದು. 2022ರ ಡಿಸೆಂಬರ್ 18ರಂದು ಕತಾರ್‌ನ ಲುಸೈಲ್‌ನಲ್ಲಿ ಫ್ರಾನ್ಸಿನ ಎಂಬಾಪೆ 80 ಮತ್ತು 81ನೇ ನಿಮಿಷಗಳಲ್ಲಿ ಹೊಡೆದ ಎರಡು ಗೋಲುಗಳಿಂದ ವಿಶ್ವಕಪ್ ಫೈನಲ್ ನಿಗದಿತ ಅವಧಿಗೆ 2-2ರಲ್ಲಿ ನಿಂತಿತು. ಕಪ್ ಅರ್ಜೆಂಟೀನಾಗೆ ಹೋದರೂ ಆ ಕಾಲಮ್ಮಿನಲ್ಲಿ ಬರೆಯಬೇಕಾದದ್ದು ಡ್ರಾ ಎಂದೇ.

ಮೊಬೈಲ್ ಗುಂಪುಗಳಲ್ಲಿ ‘ಸತತ ನಾಲ್ಕು ಪಂದ್ಯ ಸರಿಯಾಗಿ ಹೇಳಿದ್ದೇನೆ, ಐದನೆಯದಕ್ಕೆ ಹಣ ಕೊಡಿ’ ಎನ್ನುವವರ ಗುಟ್ಟನ್ನೂ ಇಲ್ಲೇ ಹೇಳಿಬಿಡುತ್ತೇನೆ. 810 ಜನರನ್ನು ಮೂರು ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೊಂದು ಫಲಿತಾಂಶ ಕಳುಹಿಸಿದರೆ 270 ಜನರಿಗೆ ಅದು ಸರಿಯಾಗಿರುತ್ತದೆ. ಅವರನ್ನಷ್ಟೇ ಉಳಿಸಿಕೊಂಡು ಮತ್ತೆ ಹಂಚಿದರೆ 90, ನಂತರ 30, ನಾಲ್ಕನೆಯ ಪಂದ್ಯದ ಹೊತ್ತಿಗೆ 10. ಆ ಹತ್ತು ಜನರ ಪಾಲಿಗೆ ಅವನು ತ್ರಿಕಾಲಜ್ಞಾನಿ.

ನಾವು ನಾಲ್ವರು ಗೆಳೆಯರು ಹಣವಿಲ್ಲದೆ, ಅಂದಾಜು ಮತ್ತು ಅಂಕಗಳನ್ನು ಬರೆದಿಡುವ ಪುಸ್ತಕವೊಂದನ್ನು ನಡೆಸುತ್ತೇವೆ. ಅದರಲ್ಲಿ 2022ರ ನವೆಂಬರ್ 22, ಮಂಗಳವಾರದ ಪುಟವೊಂದಿದೆ. ಸತತ 36 ಪಂದ್ಯ ಸೋಲದೆ ಬಂದಿದ್ದ ಅರ್ಜೆಂಟೀನಾ ಸೌದಿ ಅರೇಬಿಯಾದೆದುರು ಮಧ್ಯಾಹ್ನ ಮೂರೂವರೆಗೆ ಆಡಲಿತ್ತು. ನಾನು 85, 10, 5 ಎಂದು ಬರೆದಿದ್ದೆ. ಮೆಸ್ಸಿಯ ಭಕ್ತನಾದ ಗೆಳೆಯ 90, 10 ಎಂದು ಬರೆದು ಸೌದಿಯ ಖಾನೆಗೆ ದುಂಡಗೆ ಸೊನ್ನೆ ಸುತ್ತಿದ್ದ. ಹತ್ತನೇ ನಿಮಿಷದಲ್ಲಿ ಮೆಸ್ಸಿಯ ಪೆನಾಲ್ಟಿ ಗೋಲಾದಾಗ ಅವನ ಮುಖ ನೋಡಬೇಕಿತ್ತು. ವಿರಾಮದ ನಂತರ ಐದು ನಿಮಿಷಗಳ ಅಂತರದಲ್ಲಿ ಸೌದಿ ಎರಡು ಗೋಲು ಹೊಡೆದು 2-1ರಿಂದ ಗೆದ್ದಿತು. ನನಗೆ 1.64 ಅಂಕ, ಅವನಿಗೆ 1.82, ಇರುವ ಗರಿಷ್ಠವೇ 2. ಅಂದು ಸಂಜೆಯೇ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಿಂದ ನಿಯಮವೊಂದನ್ನು ಸೇರಿಸಿದೆವು: ಎದುರಾಳಿ ಯಾರೇ ಆಗಿರಲಿ, ಯಾವ ಖಾನೆಯಲ್ಲೂ ಶೇ 2ಕ್ಕಿಂತ ಕಡಿಮೆ ಬರೆಯುವಂತಿಲ್ಲ.