ಯಾವ ಫೀಚರ್ ಮೊದಲು? ರೈಸ್ ಲೆಕ್ಕ ಹಾಕುವ ಬಗೆ

ಬ್ಯಾಕ್‌ಲಾಗ್‌ನಲ್ಲಿ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ, ನಲವತ್ತು ಫೀಚರ್, ಡೆವಲಪರ್‌ಗಳು ಮೂವರೇ. ಇಂಥ ಕಡೆ ಮೀಟಿಂಗ್‌ನಲ್ಲಿ ಯಾರ ದನಿ ಜೋರೋ ಅವರ ಫೀಚರ್ ಗೆಲ್ಲುತ್ತದೆ. ಇದನ್ನು ತಪ್ಪಿಸಲು ಇಂಟರ್‌ಕಾಮ್ ಕಂಪನಿಯ ಪ್ರಾಡಕ್ಟ್ ತಂಡ ರೂಪಿಸಿದ ‘ರೈಸ್’ (RICE) ಲೆಕ್ಕ ಚೆನ್ನಾಗಿ ಒದಗುತ್ತದೆ. ರೀಚ್, ಇಂಪ್ಯಾಕ್ಟ್, ಕಾನ್ಫಿಡೆನ್ಸ್, ಎಫರ್ಟ್ ಎಂಬ ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳೇ ಈ ಹೆಸರು. ರೀಚ್, ಇಂಪ್ಯಾಕ್ಟ್, ಕಾನ್ಫಿಡೆನ್ಸ್ ಮೂರನ್ನೂ ಗುಣಿಸಿ ಎಫರ್ಟ್‌ನಿಂದ ಭಾಗಿಸಬೇಕು.

ರೀಚ್ ಎಂದರೆ ಒಂದು ಅವಧಿಯಲ್ಲಿ ಆ ಫೀಚರ್ ಮುಟ್ಟುವ ಜನರ ಸಂಖ್ಯೆ. ಒಂದು ಫೀಚರ್‌ಗೆ ಮೂರು ತಿಂಗಳ ಅವಧಿ ಇಟ್ಟುಕೊಂಡರೆ ಎಲ್ಲಕ್ಕೂ ಮೂರೇ ತಿಂಗಳು. ಆ್ಯಪ್ ಇಳಿಸಿಕೊಂಡವರೆಲ್ಲರ ಲೆಕ್ಕ ಬೇಡ, ಆ ಪುಟಕ್ಕೆ ನಿಜವಾಗಿ ಬಂದವರನ್ನು ಎಣಿಸಿ. ಇಂಪ್ಯಾಕ್ಟ್ ಎಂದರೆ ಒಬ್ಬೊಬ್ಬ ಬಳಕೆದಾರರ ಮೇಲೆ ಆಗುವ ಪರಿಣಾಮ. ಅದಕ್ಕೆ ಅತಿ ಹೆಚ್ಚಿನಿಂದ ಅತಿ ಕಡಿಮೆಯವರೆಗೆ 3, 2, 1, 0.5, 0.25 ಎಂಬ ಐದು ಮೆಟ್ಟಿಲು. ಎಫರ್ಟ್ ಅನ್ನು ಒಬ್ಬರ ಎಷ್ಟು ತಿಂಗಳ ದುಡಿಮೆ ಎಂದು ಅಳೆಯಿರಿ. ಡಿಸೈನ್, ಟೆಸ್ಟಿಂಗ್ ಬಿಟ್ಟರೆ ಅಂಕ ಸುಮ್ಮನೆ ಉಬ್ಬುತ್ತದೆ.

ಹೆಚ್ಚಿನವರು ಎಡವುವುದು ಕಾನ್ಫಿಡೆನ್ಸ್‌ನಲ್ಲಿ, ಅಂದರೆ ನಮ್ಮ ಅಂದಾಜಿನ ಮೇಲೆ ನಮಗೆಷ್ಟು ಭರವಸೆ ಎಂಬುದರಲ್ಲಿ. ಗಟ್ಟಿ ಆಧಾರವಿದ್ದರೆ 100%, ಅರೆಬರೆ ಇದ್ದರೆ 80%, ಊಹೆಗೆ 50%. ಎಲ್ಲಕ್ಕೂ 80 ಹಾಕಿದರೆ ಆ ಕಾಲಂ ಇದ್ದೂ ಇಲ್ಲದಂತೆ. ಆದ್ದರಿಂದ ಪ್ರತಿ ಅಂಕದ ಪಕ್ಕ ಆಧಾರವನ್ನೂ ಬರೆಯಿರಿ: ಎಷ್ಟು ಗ್ರಾಹಕರನ್ನು ಮಾತಾಡಿಸಿದಿರಿ, ಯಾವ ಡೇಟಾ ನೋಡಿದಿರಿ. ಬರೆಯಲು ಏನೂ ಸಿಗಲಿಲ್ಲವೇ? ಅದು 50.

ದಿನಸಿ ತರಿಸುವ ಆ್ಯಪ್ ಒಂದನ್ನು ಊಹಿಸಿಕೊಳ್ಳಿ. ಹಳೆಯ ಆರ್ಡರನ್ನೇ ಮತ್ತೆ ತರಿಸುವ ಬಟನ್‌ಗೆ 2000 × 1 × 0.8 ÷ 1, ಅಂದರೆ 1600. ಇಡೀ ಆ್ಯಪ್ ಕನ್ನಡಕ್ಕೆ ತರಲು 3000 × 2 × 0.5 ÷ 4, ಅಂದರೆ 750. ಕನ್ನಡ ಸೋತಿತೆಂದು ಕೈಬಿಡುವುದೂ ತಪ್ಪು, ಗೆಲ್ಲಿಸಲೆಂದು ಇಂಪ್ಯಾಕ್ಟ್ 3 ಮಾಡುವುದೂ ತಪ್ಪು. ಮಾಡಬೇಕಾದ್ದು ಫೀಚರನ್ನೇ ಕತ್ತರಿಸುವುದು. ವಿಳಾಸ ಮತ್ತು ಪಾವತಿ ಪುಟಗಳಲ್ಲೇ ಜನ ಅರ್ಧಕ್ಕೆ ಬಿಟ್ಟುಹೋಗುತ್ತಿರುವುದು ಡೇಟಾದಲ್ಲಿ ಕಂಡರೆ, ಆ ಎರಡು ಪುಟಗಳನ್ನಷ್ಟೇ ಕನ್ನಡಕ್ಕೆ ತನ್ನಿ: 3000 × 1 × 0.8 ÷ 1, ಅಂದರೆ 2400. ಇಂಪ್ಯಾಕ್ಟ್ ಇಳಿದರೂ ಇದೇ ಮೊದಲ ಸ್ಥಾನಕ್ಕೆ ಬರುತ್ತದೆ. ರೈಸ್‌ನ ನಿಜವಾದ ಉಪಯೋಗ ಇರುವುದೇ ಇಲ್ಲಿ.

1600ಕ್ಕೂ 1500ಕ್ಕೂ ಇರುವ ಅಂತರಕ್ಕೆ ಜಗಳ ಬೇಡ. ಒಳಗಿನ ಅಂಕಿಗಳೇ ಅಂದಾಜಿನವು. ಭದ್ರತೆಯ ದೋಷ, ಕಾನೂನು ಕಡ್ಡಾಯ ಮಾಡಿದ ಬದಲಾವಣೆಗಳನ್ನು ಈ ಪಟ್ಟಿಗೆ ಸೇರಿಸಲೇಬೇಡಿ, ಅವುಗಳಿಗೆ ಬೇಕಾದ ದಿನಗಳನ್ನು ಮೊದಲೇ ಎತ್ತಿಡಿ. ಒಂದು ಫೀಚರ್ ಇನ್ನೊಂದರ ಮೇಲೆ ನಿಂತಿದ್ದರೆ ಎರಡನ್ನೂ ಒಂದೇ ಸಾಲಿನಲ್ಲಿ ಲೆಕ್ಕ ಹಾಕಿ.

ಫೀಚರ್ ಬಿಡುಗಡೆಯಾದ ಮೂರು ತಿಂಗಳಿಗೆ ಹಳೆಯ ಶೀಟ್ ತೆರೆದು, ಬರೆದಿದ್ದ ರೀಚ್ ಮತ್ತು ಎಫರ್ಟ್ ಪಕ್ಕದಲ್ಲಿ ನಿಜದ ಅಂಕಿ ತುಂಬಿ. ಎಫರ್ಟ್ ಪ್ರತಿ ಸಲ ದುಪ್ಪಟ್ಟಾಗುತ್ತಿದ್ದರೆ ಮುಂದಿನ ಅಂದಾಜನ್ನೂ ಎರಡರಿಂದ ಗುಣಿಸಿಯೇ ಬರೆಯಿರಿ.