ಊಟಕ್ಕಿಂತ ಮೊದಲು ಗಾಬರಿಯ ಬಗ್ಗೆ ಕೇಳುತ್ತೇನೆ

ಕಲಬುರಗಿಯಲ್ಲಿ ನಾನು ಕ್ಲಿನಿಕಲ್ ಸೈಕಾಲಜಿಸ್ಟ್. "ಉಣ್ಣವಲ್ಲಳ್ರಿ ಮೇಡಂ" ಎಂದು ಮಗಳನ್ನು ಕರೆತರುವ ತಾಯಂದಿರು ಅಷ್ಟರಲ್ಲಿ ಹೊಟ್ಟೆಯ ಡಾಕ್ಟರು, ರಕ್ತ ಪರೀಕ್ಷೆ, ದೃಷ್ಟಿ ತೆಗೆಸುವುದು ಎಲ್ಲ ಮುಗಿಸಿರುತ್ತಾರೆ. ನಾನು ಹುಡುಗಿಯನ್ನು ಮೊದಲು ಕೇಳುವುದು ಊಟದ ಬಗ್ಗೆ ಅಲ್ಲ. "ಸಣ್ಣವಳಿದ್ದಾಗ ನಿನಗೆ ಯಾವುದಕ್ಕೆ ಗಾಬರಿ ಆಗುತ್ತಿತ್ತು?" ಅಂತ.

2004ರಲ್ಲಿ ಅಮೆರಿಕದ ಮನೋವೈದ್ಯ ವಾಲ್ಟರ್ ಕೇ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಈಟಿಂಗ್ ಡಿಸಾರ್ಡರ್ (ಊಟ, ತೂಕದ ಸುತ್ತ ಬೆಳೆಯುವ ಮನಸ್ಸಿನ ಕಾಯಿಲೆ) ಇದ್ದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಗೀಳು, ಜನರೆದುರಿನ ಭಯದಂಥ ಒಂದಾದರೂ ಆತಂಕದ ಕಾಯಿಲೆ ಇತ್ತು. ಹೆಚ್ಚಿನವರಲ್ಲಿ ಅದು ಬಾಲ್ಯದಲ್ಲೇ, ಊಟ ಕೆಡುವ ಮೊದಲೇ ಶುರುವಾಗಿತ್ತು.

ಜೇವರ್ಗಿ ಕಡೆಯ ಒಬ್ಬ ಪಿಯುಸಿ ಹುಡುಗಿ (ಗುರುತು ಬದಲಿಸಿದ್ದೇನೆ) ಹಾಸ್ಟೆಲ್ ಮೆಸ್ಸಿನಲ್ಲಿ ಉಣ್ಣಲು ಹೆದರುತ್ತಿದ್ದಳು. ಎಲ್ಲರೂ ತನ್ನ ಬಾಯನ್ನೇ ನೋಡುತ್ತಾರೆ ಅನ್ನಿಸುತ್ತಿತ್ತು. ಊಟ ತಪ್ಪಿಸಿದರೆ ಎದೆ ಹಗುರ. ಆ ನಿರಾಳವೇ ಅವಳಿಗೆ ಮರುದಿನವೂ ಊಟ ಬಿಡುವುದನ್ನು ಕಲಿಸಿತು. ತೂಕ ಇಳಿದಾಗ ಗೆಳತಿಯರು ಹೊಗಳಿದರು, ಅಲ್ಲಿಂದ ದಪ್ಪಗಾಗುವ ಭಯವೂ ಸೇರಿತು. ಮೊದಲು ಸೋಮವಾರದ ಉಪವಾಸ, ಆಮೇಲೆ ಗುರುವಾರದ್ದು. ಶ್ರಾವಣ ಮುಗಿದರೂ ಶನಿವಾರದ್ದು ನಿಲ್ಲಲಿಲ್ಲ. ದೇವರ ಹೆಸರಿನ ಉಪವಾಸಕ್ಕೆ ನಮ್ಮ ಮನೆಗಳಲ್ಲಿ ಯಾರು ಬೇಡ ಅಂತಾರೆ? ಮುಟ್ಟು ನಿಂತ ಮೇಲೇ ಮನೆಯವರು ಎಚ್ಚೆತ್ತರು.

ಮೊದಲು ಫಿಜಿಷಿಯನ್ ಹತ್ತಿರ ಕಳಿಸಿದೆ. ನಾಡಿ, ಬಿಪಿ, ರಕ್ತದಲ್ಲಿನ ಪೊಟ್ಯಾಸಿಯಂ, ಫಾಸ್ಫರಸ್ ನೋಡಿಸಲೇಬೇಕು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಜಾಸ್ತಿ ಉಣಿಸಿದರೆ ಫಾಸ್ಫರಸ್ ಕುಸಿದು ಹೃದಯಕ್ಕೇ ಅಪಾಯ. ಹಾಗಂತ ಊಟ ಮುಂದೂಡಿ ಬರೀ ಮಾತಾಡುತ್ತ ಕೂರುವಂತೆಯೂ ಇಲ್ಲ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿಟ್ಟು ನೋಡಿದ್ದರು. ಅವರಲ್ಲಿ ಆತಂಕ, ಸಿಡುಕು, ದಿನವಿಡೀ ಊಟದ್ದೇ ಯೋಚನೆ ಬೆಳೆಯಿತು. ಹಸಿವೂ ಗಾಬರಿಯನ್ನು ಹುಟ್ಟಿಸುತ್ತದೆ.

ಆಮೇಲೆ ನನ್ನ ಕೋಣೆಯಲ್ಲೇ ಊಟ. ಅವ್ವ ಕಟ್ಟಿದ ಡಬ್ಬಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಅವಳು ರೊಟ್ಟಿಯನ್ನು ಉಗುರಿನಷ್ಟು ಚೂರು ಮಾಡಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು. ಬದನೆಕಾಯಿಯ ಎಣ್ಣೆಯನ್ನು ಕರ್ಚೀಫಿನಿಂದ ಒತ್ತಿ ತೆಗೆಯುತ್ತಿದ್ದಳು. ನಾನು "ಹೆದರಬೇಡ" ಅನ್ನಲಿಲ್ಲ. ಏನಾಗುತ್ತದೆ ಅನ್ನಿಸುತ್ತದೋ ಅದನ್ನು ಮೊದಲೇ ಬರೆಸಿದೆ: "ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ, ನೀವು ನನ್ನನ್ನೇ ನೋಡ್ತೀರಿ." ನಾನೂ ಎದುರಿಗೆ ಕೂತು ಉಂಡೆ. ಉಂಡಾದ ಮೇಲೆ, ಬರೆದಂತೆ ಆಯಿತೇ ಎಂದು ಇಬ್ಬರೂ ಓದಿ ನೋಡಿದೆವು. ಮುಂದೆ ಗೆಳತಿಯ ಜೊತೆ, ಖಾಲಿ ಮೆಸ್, ತುಂಬಿದ ಮೆಸ್, ಕಡೆಗೆ ಚಿಕ್ಕಪ್ಪನ ಮಗಳ ಮದುವೆಯ ಪಂಕ್ತಿ.

ಮನೆಯವರಿಗೆ ನಾನು ಒತ್ತಿ ಹೇಳುವ ಮಾತು ಇದು: ಊಟ ಹೆಚ್ಚಿದಂತೆ ಗಾಬರಿ ಮೊದಲು ಏರುತ್ತದೆ. ಅವಳ ಅವ್ವ ಆ ಹೊತ್ತಿನಲ್ಲೇ ಸೋತರು. "ಕೂಸು ಅಳ್ತದ್ರಿ, ಸುಮ್ನೆ ಬಿಟ್ಟುಬಿಡೋಣು." ಬಿಟ್ಟರೆ ಹಳೆಯ ನಿರಾಳ ಮತ್ತೆ ಗೆಲ್ಲುತ್ತದೆ ಅಲ್ವಾ? ಬಡಿಸಿ ಪಕ್ಕದಲ್ಲಿ ಕೂತಿರಿ, ಬೈಯಬೇಡಿ, ಗೋಗರೆಯಬೇಡಿ ಎಂದೆ. ಅವರು ಹಾಗೇ ಮಾಡಿದರು. ಆ ತಾಯಿಯ ಗಟ್ಟಿತನ ನನಗೆ ಈಗಲೂ ದೊಡ್ಡದು.

ಅಜ್ಜಿ ಪ್ರೀತಿಯಿಂದ "ಮೈ ತುಂಬ್ಕೊಂಡ್ಯವ್ವಾ" ಅಂದ ರಾತ್ರಿ ಹುಡುಗಿ ಉಣ್ಣಲಿಲ್ಲ. ಅಜ್ಜಿಯನ್ನೂ ಕರೆಸಿದೆ. "ಊಟಾ ಆತೇನು ಅಂತ ಕೇಳಬಾರದೇನ್ರಿ?" ಎಂದು ಅವರು ನೊಂದುಕೊಂಡರು. ಕೇಳಿ, ಮೈ ಬಗ್ಗೆ ಮಾತ್ರ ಬೇಡ ಎಂದೆ.

ತೂಕ ಸ್ವಲ್ಪ ಏರಿದ ಮೇಲೆ ಮನೋವೈದ್ಯರು ಆತಂಕಕ್ಕೆ ಮಾತ್ರೆ ಕೊಟ್ಟರು. ತೂಕ ತೀರಾ ಕಡಿಮೆ ಇರುವಾಗ ಆ ಮಾತ್ರೆಗಳಿಂದ ಹೆಚ್ಚು ಪ್ರಯೋಜನ ಸಿಗುವುದಿಲ್ಲ.

ನಿಮ್ಮ ಮನೆಯಲ್ಲೂ ಒಬ್ಬರು ಉಪವಾಸ ಹೆಚ್ಚಿಸುತ್ತಿದ್ದರೆ, ಉಂಡ ಕೂಡಲೇ ಬಚ್ಚಲಿಗೆ ಹೋಗುತ್ತಿದ್ದರೆ (ವಾಂತಿ ಮಾಡಿಕೊಳ್ಳಲು ಇರಬಹುದು) ಕಾಯಬೇಡಿ. ತಲೆಸುತ್ತಿ ಬಿದ್ದರೆ ಅಂದೇ ಆಸ್ಪತ್ರೆ. ಯಾರನ್ನು ಕೇಳಬೇಕೋ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.